ತೊಂಬತ್ತಾರು ಪರ್ಸೆಂಟ್

ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಚಕ್ರಗಳು ತಿರುಗುವುದನ್ನು ನಿಲ್ಲಿಸುತ್ತವೆ. ಇದಕ್ಕೆ ನಾವು ತಂಗು ಎನ್ನುತ್ತೇವೆ. ಹುಚ್ಚೆಳ್ಳು ಹೂ ಬಿಡುವ ಹೊತ್ತಿಗೆ ಒಂದು ದಿನ ತಂಗು ಹಿಡಿಯುತ್ತದೆ, ಹತ್ತು ಹನ್ನೆರಡು ದಿನ ಇದ್ದು ಬಿಡುತ್ತದೆ. ಅಷ್ಟು ದಿನ ಬಸ್ಸು, ಸ್ಕೂಟರು, ಸೈಕಲ್ಲು, ತಳ್ಳುಗಾಡಿ, ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ, ಬಾವಿಯ ರಾಟೆ ಎಲ್ಲವೂ ಎಲ್ಲಿದ್ದವೋ ಅಲ್ಲೇ. ಕೈಗಡಿಯಾರದೊಳಗಿನ ಹಲ್ಲಿನ ಚಕ್ರಗಳೂ ನಿಂತುಬಿಡುವುದರಿಂದ ಗಂಟೆ ನೋಡಬೇಕಾದರೆ ಮೊಬೈಲೇ ಗತಿ. ಫ್ಯಾನು ಮಾತ್ರ ತಿರುಗುತ್ತದೆ. ಅದು ಚಕ್ರವೋ ಅಲ್ಲವೋ ಎಂದು ಹಿಂದೆ ಊರಿನಲ್ಲಿ ದೊಡ್ಡ ವಾಗ್ವಾದವೇ ನಡೆದಿತ್ತು. ಕೊನೆಗೆ, ಹೇಗೂ ತಿರುಗುತ್ತಿದೆಯಲ್ಲ, ಕೆದಕುವುದು ಬೇಡ ಎಂದು ಎಲ್ಲರೂ ಸುಮ್ಮನಾದರು.

ತಂಗಿನ ದಿನಗಳಲ್ಲಿ ನಮಗೇನೂ ಬೇಜಾರಿಲ್ಲ. ದರ್ಜಿಗಳು ಕೈಯಲ್ಲಿ ಹೊಲಿಯುತ್ತಾರೆ, ಹೊಲಿಗೆ ಸೊಟ್ಟಗಾದರೆ ತಂಗಿನ ಮೇಲೆ ಹಾಕುತ್ತಾರೆ. ಬಾವಿಯ ಹಗ್ಗವನ್ನು ನಾಲ್ಕು ಜನ ಸೇರಿ ಎಳೆಯುತ್ತಾರೆ, ನಾಲ್ಕು ಮನೆಯ ಸುದ್ದಿಯೂ ಅಲ್ಲೇ ಮೇಲೆ ಬರುತ್ತದೆ. ಇನ್ನು ನಮ್ಮಲ್ಲೊಂದು ಪದ್ಧತಿ ಇದೆ, ಗಾಡಿ ಕೂರುವುದು ಅಂತ. ನಿಂತ ಗಾಡಿಯನ್ನು ಒಂಟಿಯಾಗಿ ಬಿಡಬಾರದು, ದಿನಕ್ಕೊಮ್ಮೆಯಾದರೂ ಯಾರಾದರೂ ಹೋಗಿ ಅದರಲ್ಲಿ ಕೂತು ನಾಲ್ಕು ಮಾತಾಡಿ ಬರಬೇಕು. ಊರಿನಲ್ಲಿ ಸಿಕ್ಕಿಕೊಂಡ ಬಸ್ಸಿನಲ್ಲಿ ಸಂಜೆ ಐವತ್ತು ಜನ ಕೂತು ಕಡ್ಲೆಪುರಿ ತಿನ್ನುತ್ತಾರೆ. ಬಸ್ಸು ಚಲಿಸದಿದ್ದರೂ ಕಿಟಕಿ ಪಕ್ಕದ ಸೀಟಿಗೆ ಜಗಳ ತಪ್ಪಿದ್ದಲ್ಲ.

ಈ ವರ್ಷದ ತಂಗಿನಲ್ಲಿ ಜನರೆಲ್ಲ ಬಂದು ಕೂತದ್ದು ನನ್ನ ಕಾರಿನಲ್ಲಿ. ಊರಿಗೆ ಬಂದ ಮೊದಲ ಎಲೆಕ್ಟ್ರಿಕ್ ಕಾರು ಅದು, ತಂಗು ಹಿಡಿಯುವ ಒಂದು ತಿಂಗಳ ಮುಂಚೆ ತಂದದ್ದು. ನಾನು ಪ್ರೈಮರಿ ಶಾಲೆಯ ಹೆಡ್‌ಮಿಸ್ಸಾಗಿ ರಿಟೈರಾದವಳು. ಹೆಸರು ವನಮಾಲಾ ಆದರೂ ಊರಿಗೆಲ್ಲ ನಾನು ಮೇಡಂ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಪೆಟ್ರೋಲ್ ಗಾಡಿಯೇ ಇರಲಿ ಎಂದು ನಮ್ಮ ಮನೆಯವರು ಹೇಳಿದ್ದಕ್ಕೇ ಹಟ ಹಿಡಿದು ಎಲೆಕ್ಟ್ರಿಕ್ ತಂದೆ. ಸದ್ದಿಲ್ಲ, ಹೊಗೆಯಿಲ್ಲ, ಬೆರಳು ತಾಕಿಸಿದರೆ ಹಾಡು, ಗುಂಡಿ ಒತ್ತಿದರೆ ಡಿಕ್ಕಿ ತಾನಾಗಿ ಮೇಲೇಳುತ್ತದೆ. ಜಂಬ ಪಡಬಾರದು ಅಂದುಕೊಂಡೆ, ಆದರೆ ಅಂಥದ್ದೊಂದು ಗಾಡಿ ಇಟ್ಟುಕೊಂಡು ಜಂಬ ಪಡದೆ ಇರುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಕಾರು ತಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ನನ್ನ ತಂಗಿ ಇಂದುಮತಿ, ಮನೆಯವರಿಗೆಲ್ಲ ಇಂದು. ನನಗಿಂತ ಹದಿಮೂರು ವರ್ಷ ಚಿಕ್ಕವಳು. ನನ್ನ ಮಗಳು ಹುಟ್ಟಿದಾಗ ಬಾಣಂತನಕ್ಕೆ ಸಹಾಯವಾಗಲಿ ಎಂದು ಬಂದವಳು ನಮ್ಮ ಮನೆಯಲ್ಲೇ ಉಳಿದಳು. ಪೇಟೆ ಬೀದಿಯ ತುದಿಯಲ್ಲಿ ಗಡಿಯಾರ ರಿಪೇರಿ ಮಾಡುವ ಸಾಲೊಮನ್ ಎಂಬವನನ್ನು ಅವಳು ಮೆಚ್ಚಿ ಹತ್ತೊಂಬತ್ತು ವರ್ಷವಾಯಿತು. ಮೊದಲು ಹೇಳಿದಾಗ, ಮಗಳ ಹೈಸ್ಕೂಲು ಮುಗಿಯಲಿ ಕಣೇ ಅಂದೆ. ಆಮೇಲೆ ಮಗಳ ಮದುವೆ ಆಗಲಿ ಅಂದೆ. ಆಮೇಲೆ ನಮ್ಮಮ್ಮ ಹಾಸಿಗೆ ಹಿಡಿದರು. ಎಂಟು ವರ್ಷ ಅವರನ್ನು ನೋಡಿಕೊಂಡವಳು ಇಂದು. ನಾನು ಬೇಡ ಎಂದು ಯಾವತ್ತೂ ಹೇಳಲಿಲ್ಲ, ಆಮೇಲೆ ಎಂದೆ ಅಷ್ಟೆ. ಅಮ್ಮ ಹೋಗಿ ವರ್ಷವಾದ ಮೇಲೆ ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಇಂದು ಹೇಳಿದಳು:

"ಅಕ್ಕ, ಘಟ್ಟದಾಚೆ ರಿಜಿಸ್ಟ್ರಾರ್ ಆಫೀಸಿನಲ್ಲಿ ನಾವಿಬ್ರೂ ನೋಟಿಸ್ ಕೊಟ್ಟು ಬಂದಿದ್ದೀವಿ. ಈ ಸಲ ನಿನ್ನನ್ನ ಕೇಳ್ತಾ ಇಲ್ಲ, ಹೇಳ್ತಾ ಇದ್ದೀನಿ."

ನನಗೆ ನಾಚಿಕೆಯಾಯಿತು. "ನಾನೇ ಕರ್ಕೊಂಡು ಹೋಗ್ತೀನಿ ಕಣೇ, ನನ್ನ ಕಾರಲ್ಲೇ, ಹೂವಿನ ಅಲಂಕಾರ ಮಾಡಿಸಿ" ಎಂದು ಮಾತು ಕೊಟ್ಟೆ. ಆಗಿನ್ನೂ ಕಾರನ್ನು ಬುಕ್ ಕೂಡ ಮಾಡಿರಲಿಲ್ಲ, ಮಾರನೆಯ ದಿನವೇ ಹೋಗಿ ಮಾಡಿದೆ.

ಆ ನೋಟಿಸಿಗೆ ಮೂರು ತಿಂಗಳ ಆಯುಸ್ಸು. ಮೊದಲ ತಿಂಗಳು ಬೋರ್ಡಿನ ಮೇಲೆ ತೂಗುಹಾಕುತ್ತಾರೆ, ಉಳಿದ ಎರಡು ತಿಂಗಳಲ್ಲಿ ಮದುವೆಯಾಗಬೇಕು, ಇಲ್ಲವಾದರೆ ಮತ್ತೆ ಮೊದಲಿನಿಂದ. ಮೊದಲು ಅಧಿಕಾರಿ ರಜೆಯಲ್ಲಿದ್ದರು. ಆಮೇಲೆ ಅವರು ಕೊಟ್ಟ ದಿನಕ್ಕೆ ಎರಡು ದಿನ ಮುಂಚೆ ತಂಗು ಹಿಡಿಯಿತು. ಘಟ್ಟದ ತುದಿಯವರೆಗೆ ನಮ್ಮ ತಂಗಿನದೇ ರಾಜ್ಯ. ಸಾಲೊಮನ್ ಆಗಲೇ ಘಟ್ಟದಾಚೆ ಇದ್ದ, ತಂಗಿನಲ್ಲಿ ಗಡಿಯಾರದವನಿಗೆ ಇಲ್ಲಿ ಕೆಲಸವಿಲ್ಲವಾದ್ದರಿಂದ ಪ್ರತಿವರ್ಷವೂ ಹೋಗುತ್ತಾನೆ. ಹನ್ನೆರಡು ದಿನವಾಯಿತು, ತಂಗು ಬಿಡಲಿಲ್ಲ. ಹದಿನೈದಾಯಿತು. ಇಂದು ನನ್ನ ಹತ್ತಿರ ಬಂದಳು.

"ಅಕ್ಕ, ನಾನು ನಡೆದು ಹೋಗ್ತೀನಿ. ನಲವತ್ತು ಕಿಲೋಮೀಟರು ತಾನೆ? ಎರಡು ದಿನದಲ್ಲಿ ತಲುಪ್ತೀನಿ."

"ಹುಚ್ಚೀನೇ ನಿಂಗೆ? ಮದುಮಗಳು ಧೂಳು ಮೆತ್ಕೊಂಡು ನಡ್ಕೊಂಡು ಹೋಗೋದುಂಟಾ? ನಾಳೆ ನಾಡಿದ್ದರಲ್ಲಿ ಬಿಡುತ್ತೆ. ಕಾರು ನೋಡು, ತೊಂಬತ್ತಾರು ಪರ್ಸೆಂಟ್ ಇದೆ. ಬಿಟ್ಟ ಗಳಿಗೆಗೆ ಹೊರಡೋದೆ."

ತೊಂಬತ್ತಾರು ಪರ್ಸೆಂಟು. ಆ ಸಂಖ್ಯೆಯನ್ನು ನಾನು ಕಾಪಾಡಿದ ಹಾಗೆ ಹಿಂದಿನ ಕಾಲದವರು ಬೆಂಕಿಯನ್ನೂ ಕಾಪಾಡಿರಲಾರರು. ಸಂಜೆ ಗಾಡಿ ಕೂರಲು ಬೀದಿಯವರೆಲ್ಲ ಬರುತ್ತಿದ್ದರು. ನಾಲ್ಕು ನಾಲ್ಕು ಜನರಂತೆ ಸರದಿ. ನಾನು ಮುಂದಿನ ಸೀಟಿನಲ್ಲಿ ಕೂತು ಚಕ್ಕುಲಿ ಹಂಚುತ್ತಿದ್ದೆ. ಹಾಡು ಹಾಕಿ, ದೀಪ ಹಾಕಿ, ಕಿಟಕಿ ಇಳಿಸಿ, ಡಿಕ್ಕಿ ಏಳಿಸಿ ಎಂದರೆ ಎಲ್ಲ ಮಾಡುತ್ತಿದ್ದೆ. ಆದರೆ ಸ್ಟಾರ್ಟ್ ಗುಂಡಿಗೆ ಮಾತ್ರ ಯಾರನ್ನೂ ಕೈ ಹಾಕಲು ಬಿಡುತ್ತಿರಲಿಲ್ಲ. ಸ್ಟಾರ್ಟ್ ಮಾಡಿದರೆ ಚಾರ್ಜು ಕರಗುತ್ತದೆ ಎಂದು ನನ್ನ ಲೆಕ್ಕ. ಚಕ್ರ ತಿರುಗದ ದಿನ ಮೋಟಾರಿಗೆ ಕೆಲಸ ಹೇಳಿದರೆ ಅದು ಸುಟ್ಟುಹೋಗುತ್ತದೆ ಎಂದು ನಮ್ಮ ಮನೆಯವರ ಲೆಕ್ಕ. ಮೂವತ್ತೈದು ವರ್ಷದ ಸಂಸಾರದಲ್ಲಿ ನಮ್ಮಿಬ್ಬರ ಅಭಿಪ್ರಾಯ ಕೂಡಿದ್ದು ಅದೊಂದೇ ಸಲ. ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಡಿ ಮೇಡಂ ಎಂದು ಶೋರೂಮಿನವರು ಹೇಳಿದ್ದರು. ಅವರಿಗೆ ನಮ್ಮ ತಂಗು ಏನು ಗೊತ್ತು?

ಇಂದು ಮಾತ್ರ ಯಾವಾಗಲೂ ಹಿಂದಿನ ಸೀಟಿನ ಮೂಲೆಯಲ್ಲಿ ಕೂತು ಕಾರಿನ ಜೊತೆ ಕೊಟ್ಟಿದ್ದ ಪುಸ್ತಕವನ್ನು ಓದುತ್ತಿದ್ದಳು. ಅವಳು ಔಷಧಿ ಡಬ್ಬಿಯ ಮೇಲಿನ ಚೀಟಿಯನ್ನೂ ಪೂರ್ತಿ ಓದುವವಳು. ಹದಿನಾರನೇ ದಿನ ಪರದೆಯ ಮೇಲೆ ಕೆಂಪು ಬಣ್ಣದ ಬ್ಯಾಟರಿ ಗುರುತು ಮಿನುಗಿತು.

"ಅಕ್ಕ, ಅದು ಚಿಕ್ಕ ಬ್ಯಾಟರಿದು. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಡಬೇಕಂತೆ. ಪುಸ್ತಕದಲ್ಲಿದೆ."

"ತೊಂಬತ್ತಾರು ಅಂತ ಪಕ್ಕದಲ್ಲೇ ಬರೆದಿದೆಯಲ್ಲೇ! ಪುಸ್ತಕ ಬಿಟ್ಟು ಸೀರೆಗೆ ಫಾಲ್ಸ್ ಹಚ್ಕೋ ಹೋಗು" ಎಂದೆ. ಕಾರಿನಲ್ಲಿದ್ದವರೆಲ್ಲ ನಕ್ಕರು. ಇಂದುವೂ ನಕ್ಕು ಪುಟ ತಿರುಗಿಸಿದಳು.

ಹತ್ತೊಂಬತ್ತನೇ ದಿನ, ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಚೌಕದ ಬಾವಿಯ ರಾಟೆ ಕಿರ್ ಎಂದಿತು. ತಂಗು ಬಿಟ್ಟಿತು ಎಂದು ಊರೆಲ್ಲ ಬೀದಿಗೆ ಬಂತು. ಇಂದು ಒಳಗಿನಿಂದ ಚೀಲ ಹಿಡಿದುಕೊಂಡೇ ಬಂದಳು.

"ಈಗ್ಲೇ ಹೊರಡೋಣ ಅಕ್ಕ. ನಾಳೆ ಶನಿವಾರ, ಆಫೀಸು ಒಂದು ಗಂಟೆಗೇ ಮುಚ್ಚುತ್ತೆ. ನೋಟಿಸಿಗೂ ನಾಳೆಯೇ ಕೊನೆ ದಿನ."

ಹೊರಡಬಹುದಿತ್ತು. ನಾನು ಬೇಡವೆಂದೆ. ಸತ್ಯವನ್ನು ಹೇಳಿಬಿಡುತ್ತೇನೆ: ಸಂಜೆ ಹೊತ್ತು ಸದ್ದಿಲ್ಲದೆ ಹೊರಟುಹೋಗಲು ನನಗೆ ಮನಸ್ಸಿರಲಿಲ್ಲ. ಬೆಳಿಗ್ಗೆ ಸೇವಂತಿಗೆ ಹಾರ ಹಾಕಿದ ಕಾರಿನಲ್ಲಿ, ಬೀದಿಯವರೆಲ್ಲ ನೋಡುತ್ತಿರುವಾಗ, ನಾನು ಸ್ಟಿಯರಿಂಗ್ ಹಿಡಿದು ತಂಗಿಯನ್ನು ಕರೆದೊಯ್ಯಬೇಕು. "ಎಂಟಕ್ಕೆ ಬಿಟ್ರೆ ಒಂಬತ್ತೂವರೆಗೆ ಆಫೀಸಿನ ಬಾಗಿಲಲ್ಲಿ ಇರ್ತೀವಿ, ಗಾಬರಿ ಯಾಕೆ?" ಎಂದು ಅವಳ ಕೈಯಿಂದ ಚೀಲ ಇಸಿದುಕೊಂಡೆ. ಆ ಸಂಜೆ ತಂಗು ಬಿಟ್ಟ ಖುಷಿಗೆ ಮನೆ ಮುಂದೆ ಕಾರಿನ ನಾಲ್ಕೂ ಬಾಗಿಲು ತೆರೆದು, ದೀಪವೆಲ್ಲ ಹಾಕಿ, ಮೂರು ಗಂಟೆ ಹಾಡು ಹಾಕಿದೆವು. ನಾನೂ ನಾಲ್ಕು ಹೆಜ್ಜೆ ಕುಣಿದೆ. ನಮ್ಮ ಮನೆಯವರು ಅದನ್ನು ಮೊಬೈಲಿನಲ್ಲಿ ಹಿಡಿದಿದ್ದಾರೆ, ಇನ್ನೂ ಅಳಿಸಿಲ್ಲ.

ತಂಗು ಬಿಟ್ಟ ಮಾರನೆಯ ಬೆಳಿಗ್ಗೆ ನಮ್ಮೂರಿನಲ್ಲಿ ಒಂದು ಗಾಡಿಯೂ ನಿಲ್ಲುವುದಿಲ್ಲ. ಲಾರಿ, ಆಟೋ, ಸ್ಕೂಟರು ಎಲ್ಲ ನಸುಕಿನಲ್ಲೇ ಘಟ್ಟದ ಕೆಳಗಿನ ಮಂಡಿಗೆ ಓಡುತ್ತವೆ, ಇಪ್ಪತ್ತು ದಿನದ ಸಾಮಾನು ತರಬೇಕಲ್ಲ. ಸಿಕ್ಕಿಕೊಂಡಿದ್ದ ಬಸ್ಸೂ ಐದಕ್ಕೇ ಹೊರಟುಹೋಗಿತ್ತು, ಮತ್ತೆ ಬರುವುದು ಸಂಜೆಗೆ. ಏಳೂವರೆಗೆ ನಾನು ರೇಷ್ಮೆ ಸೀರೆಯುಟ್ಟು ಕೀಲಿಯ ಗುಂಡಿ ಒತ್ತಿದೆ. ಕಾರು ಕಿಮಕ್ ಅನ್ನಲಿಲ್ಲ. ಇನ್ನೊಮ್ಮೆ ಒತ್ತಿದೆ. ಹತ್ತಿರ ಹೋಗಿ ಒತ್ತಿದೆ, ಬಾಗಿಲಿಗೆ ತಾಗಿಸಿ ಒತ್ತಿದೆ. ಹಿಡಿ ಎಳೆದರೆ ಬಾಗಿಲು ಬರಲಿಲ್ಲ. ಸೇವಂತಿಗೆ ಹಾರ ಹಾಕಿಕೊಂಡು ಅದು ಸುಮ್ಮನೆ ನಿಂತಿತ್ತು.

"ಕೀಲಿಯ ಸೆಲ್ ಹೋಗಿರ್ಬೇಕು" ಎಂದರು ಎದುರುಮನೆಯವರು. ಸೆಲ್ ಬದಲಾಯಿಸಿದ್ದಾಯಿತು, ಏನೂ ಆಗಲಿಲ್ಲ. "ಚಾರ್ಜು ಹಾಕಿ ನೋಡೋಣ" ಎಂದು ನಮ್ಮ ಮನೆಯವರು ವೈರು ಎಳೆತಂದು ಚುಚ್ಚಲು ಹೋದರು. ಅದರ ಮುಚ್ಚಳವೂ ತೆರೆಯಲಿಲ್ಲ. ಶೋರೂಮಿಗೆ ಫೋನು ಮಾಡಿದೆ. ಮಂಗಳವಾರ ಒಬ್ಬರನ್ನು ಕಳಿಸುತ್ತೇವೆ ಮೇಡಂ ಎಂದಿತು ಒಂದು ಸಿಹಿ ದನಿ. ಮಂಗಳವಾರ! ಗಂಟೆ ಎಂಟೂಕಾಲು. ನಡೆದು ಹೋಗುವ ಕಾಲ ಮೀರಿತ್ತು, ಬೇರೆ ಗಾಡಿ ಇರಲಿಲ್ಲ, ಮತ್ತು ಇಷ್ಟಕ್ಕೂ ಕಾರಣ ನಾನೇ. ಇಂದು ನಡೆದು ಹೋಗುತ್ತೇನೆ ಎಂದಾಗ ಬೇಡ ಎಂದವಳೂ ನಾನೇ, ನಿನ್ನೆ ಸಂಜೆ ಚೀಲ ಕಿತ್ತುಕೊಂಡವಳೂ ನಾನೇ.

ಇಂದು ಹೊಸಿಲ ಮೇಲೆ ನಿಂತು ಎಲ್ಲ ನೋಡುತ್ತಿದ್ದಳು. ಅವಳು ಅತ್ತಿದ್ದರೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಇಂದೂ, ಇವತ್ತು ತಪ್ಪಿದ್ರೂ ಏನಿಲ್ಲ ಕಣೇ, ಇನ್ನೊಂದ್ಸಲ ನೋಟಿಸ್ ಕೊಡೋಣ" ಎಂದೆ.

"ಇಲ್ಲ ಅಕ್ಕ" ಎಂದಳು. "ಇವತ್ತು ತಪ್ಪಿದ್ರೆ ನಾನು ಇನ್ನೊಂದ್ಸಲ ಆ ಬೋರ್ಡಿನ ಮೇಲೆ ಹೆಸರು ಹಾಕ್ಸಲ್ಲ. ನನಗೀಗ ನಲವತ್ತಾರು. ಕಾಯೋದು ನನಗೆ ಬರುತ್ತೆ ಅಂತ ಎಲ್ರೂ ಕಾಯಿಸ್ತಾನೇ ಇದ್ದೀರಿ. ಸಾಕಾಗಿದೆ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದು ಬಂದು ಕೈ ಚಾಚಿದಳು. "ಕೀಲಿ ಕೊಡು."

ಕೀಲಿಯ ಬೆನ್ನಿನಲ್ಲಿದ್ದ ಒಂದು ಸಣ್ಣ ಗುಂಡಿಯನ್ನು ಅವಳು ಉಗುರಿನಿಂದ ಒತ್ತಿದಳು. ಒಳಗಿನಿಂದ ಒಂದು ಮಾಮೂಲಿ ಕಬ್ಬಿಣದ ಕೀಲಿ ಹೊರಬಂತು. ಒಂದೂವರೆ ತಿಂಗಳಿನಿಂದ ಆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ನನಗೆ ಅದರೊಳಗೆ ಇನ್ನೊಂದು ಕೀಲಿ ಇರುವುದು ಗೊತ್ತಿರಲಿಲ್ಲ. ಬಾಗಿಲ ಹಿಡಿಯ ಕೆಳಗಿನ ಬಿರಡೆ ತೆಗೆದು ಕೀಲಿ ತಿರುಗಿಸಿದಳು, ಬಾಗಿಲು ತೆರೆಯಿತು. ಒಳಗೆ ಬಗ್ಗಿ ಏನನ್ನೋ ಎಳೆದಳು, ಬಾನೆಟ್ ಟಕ್ ಎಂದಿತು. ಎತ್ತಿ ಕಡ್ಡಿ ಆನಿಸಿದಳು. ಒಂದು ಮೂಲೆಯಲ್ಲಿ ಸ್ಕೂಟರಿನ ಬ್ಯಾಟರಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಡಬ್ಬಿ ಕೂತಿತ್ತು.

"ಇಷ್ಟು ಚಿಕ್ಕದಾ?" ಎಂದರು ನಮ್ಮ ಮನೆಯವರು. "ಇಷ್ಟು ದೊಡ್ಡ ಗಾಡಿ ಎಳೆಯೋದು ಇದಾ?"

"ಎಳೆಯೋದು ದೊಡ್ಡದು ಭಾವ, ಅದು ಕೆಳಗಿದೆ, ಅದ್ರಲ್ಲಿ ತೊಂಬತ್ತಾರು ಈಗಲೂ ಇದೆ. ಆದ್ರೆ ಬಾಗಿಲು ತೆಗೆಯೋದು, ದೀಪ, ಹಾಡು, ಹಾರನ್ನು, ಕೊನೆಗೆ ಆ ದೊಡ್ಡದನ್ನ ಎಬ್ಬಿಸೋದು, ಎಲ್ಲಾ ಈ ಚಿಕ್ಕದರ ಕೆಲ್ಸ. ಇದು ಎಬ್ಬಿಸದೆ ಅದು ಏಳಲ್ಲ."

"ಮತ್ತೆ ಇದಕ್ಕೆ ಚಾರ್ಜು ಯಾರು ಕೊಡೋದು?"

"ದೊಡ್ಡದೇ ಕೊಡಬೇಕು. ಸ್ಟಾರ್ಟ್ ಮಾಡಿದಾಗ ಮಾತ್ರ ಕೊಡುತ್ತೆ. ನಾವು ಹತ್ತೊಂಬತ್ತು ದಿನ ಇದ್ರಿಂದ ತಗೊಂಡ್ವಿ, ಒಂದು ದಿನಾನೂ ಇದಕ್ಕೆ ಕೊಡ್ಲಿಲ್ಲ."

ಅವಳು ಕಾರಿನ ವಿಷಯವನ್ನೇ ಹೇಳಿದಳು. ಅದರಲ್ಲಿ ಯಾವ ಕೊಂಕೂ ಇರಲಿಲ್ಲ, ಇಂದುವಿಗೆ ಕೊಂಕು ಬರುವುದಿಲ್ಲ. ಆದರೆ ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಾನು ಶಾಲೆಯನ್ನು ನಡೆಸಿದೆ, ಪ್ರಶಸ್ತಿ ತಗೊಂಡೆ, ಮಕ್ಕಳನ್ನು ಓದಿಸಿದೆ ಎಂದು ಊರೆಲ್ಲ ಹೊಗಳುತ್ತದೆ. ಬೆಳಗಾಗೆದ್ದು ನಮ್ಮ ಮನೆಯ ಬಾಗಿಲು ತೆಗೆದವಳು, ದೀಪ ಹಚ್ಚಿದವಳು, ನನ್ನನ್ನು ಎಬ್ಬಿಸಿ ಡಬ್ಬಿ ಕಟ್ಟಿ ಶಾಲೆಗೆ ಕಳಿಸಿದವಳು ಯಾರು? ನಾನು ತಲೆ ತಗ್ಗಿಸಿ ಬಾನೆಟ್ಟಿನೊಳಗೆ ನೋಡುತ್ತ ನಿಂತೆ. ಅಳು ಬಂತು, ಅಳಲು ಹೊತ್ತಿರಲಿಲ್ಲ.

"ಇದೇ ಥರದ ಹನ್ನೆರಡು ವೋಲ್ಟಿನ ಇನ್ನೊಂದು ಬ್ಯಾಟರಿ ಬೇಕು" ಎಂದಳು ಇಂದು. "ಒಂದೆರಡು ನಿಮಿಷ ತಾಗಿಸಿದ್ರೆ ಸಾಕು. ದಪ್ಪ ವೈರು ಬೇಕು."

ಗಾಡಿಗಳೆಲ್ಲ ಊರು ಬಿಟ್ಟಿದ್ದವು. ಆಗ ಎಲ್ಲರ ಬಾಯಿಗೂ ಒಂದೇ ಹೆಸರು ಬಂತು, ಮೈಕ್ ಸೆಟ್ ಖಲಂದರ್. ಮದುವೆ, ಸಭೆ, ನಾಟಕ ಯಾವುದಕ್ಕಾದರೂ ಅವನದೇ ಮೈಕು, ಕರೆಂಟು ಹೋದರೂ ನಿಲ್ಲದಂತೆ ಅವನ ಹತ್ತಿರ ಬ್ಯಾಟರಿ ಇದೆ. ನಾನು ರೇಷ್ಮೆ ಸೀರೆ ಎತ್ತಿ ಹಿಡಿದು ಅವನ ಮನೆಗೆ ಓಡಿದೆ. ಮನೆಯಲ್ಲಿ ಅವನಿಲ್ಲ. ತಂಗು ಬಿಟ್ಟ ಮಾರನೆಯ ಬೆಳಿಗ್ಗೆ ಹಳ್ಳಕ್ಕೆ ಹೋಗಿ ತಣ್ಣೀರಿನಲ್ಲಿ ಮೀಯುವವರಲ್ಲಿ ಅವನೂ ಒಬ್ಬ. ಊರಿನಿಂದ ಎರಡು ಮೈಲಿ ದೂರದ ಆ ಹಳ್ಳಕ್ಕೆ ಓಡಿದೆ. ಅರವತ್ತರ ಹತ್ತಿರದ ಹೆಡ್‌ಮಿಸ್ಸು ದಡದಲ್ಲಿ ನಿಂತು ಖಲಂದರಣ್ಣಾ ಖಲಂದರಣ್ಣಾ ಎಂದು ಕೂಗುವುದನ್ನು ನೋಡಿ ಕುತ್ತಿಗೆಯವರೆಗೆ ನೀರಿನಲ್ಲಿದ್ದ ಗಂಡಸರೆಲ್ಲ ಇನ್ನಷ್ಟು ಒಳಗೆ ಹೋದರು. ಅರ್ಧಕ್ಕರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳೇ.

ಖಲಂದರ್ ತಲೆ ಒರೆಸಿಕೊಳ್ಳುತ್ತ ಬಂದು ಎಲ್ಲ ಕೇಳಿಸಿಕೊಂಡ. ಆಮೇಲೆ ತಲೆಯಾಡಿಸಿದ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಬ್ಯಾಟರಿ ನಾನು ಯಾರಿಗೂ ಕೊಡಲ್ಲ. ಒಂದ್ಸಲ ಕೊಟ್ಟಿದ್ದೆ, ವಾಪಸ್ ಬರೋ ಹೊತ್ತಿಗೆ ಒಣಗಿ ಕೂತಿತ್ತು. ಆವತ್ತೇ ಹೆಂಡ್ತಿ ಮುಂದೆ ಆಣೆ ಮಾಡಿದೀನಿ."

"ಖಲಂದರಣ್ಣ, ನಮ್ಮ ಇಂದು ಮದುವೆ."

"ಇಂದಮ್ಮಂದಾ?" ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಮೊದ್ಲೇ ಹೇಳಬಾರದಾ? ನಮ್ಮಮ್ಮನ ಕೊನೇ ತಿಂಗಳಲ್ಲಿ ದಿನಾ ಗಂಜಿ ಕಳಿಸ್ತಿದ್ದೋಳು ಆ ತಾಯಿ. ಆದ್ರೂ ಕೊಡಲ್ಲ ಮೇಡಂ, ಆಣೆ ಆಣೇನೆ. ನಾನೂ ಜೊತೇಲೆ ಬರ್ತೀನಿ. ಬ್ಯಾಟರಿ ನನ್ನ ತೊಡೆ ಮೇಲಿದ್ರೆ ಕೊಟ್ಟಂಗಾಗಲ್ಲ."

ಗಂಜಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯಿಂದಲೇ ಹೋಗುತ್ತಿತ್ತಂತೆ.

ಅವನು ಬಟ್ಟೆ ಹಾಕಿಕೊಂಡು, ತಳ್ಳುಗಾಡಿಯ ಮೇಲೆ ಬ್ಯಾಟರಿಯನ್ನೂ ವೈರಿನ ಸುರುಳಿಯನ್ನೂ ಇಟ್ಟು ತಳ್ಳಿಕೊಂಡು ಬರುವಷ್ಟರಲ್ಲಿ ಹತ್ತೂಮುಕ್ಕಾಲು. ಇಪ್ಪತ್ತು ದಿನ ನಿಂತಿದ್ದ ತಳ್ಳುಗಾಡಿ ಬೀದಿಯುದ್ದಕ್ಕೂ ಕಿರುಚಿಕೊಂಡೇ ಬಂತು. ಇಂದು ಪುಸ್ತಕವನ್ನು ಬಾನೆಟ್ಟಿನ ಅಂಚಿಗಿಟ್ಟು, ಬಳೆಗಳನ್ನು ಮೇಲಕ್ಕೇರಿಸಿ, ಕೆಂಪು ವೈರನ್ನು ಕೆಂಪಿಗೆ ಕೊಟ್ಟಳು. ನಮ್ಮ ಮನೆಯವರು ಕಪ್ಪು ವೈರು ಹಿಡಿದು ಚಿಕ್ಕ ಬ್ಯಾಟರಿಯ ಕಡೆ ಹೋದರು.

"ಅಲ್ಲಲ್ಲ ಭಾವ, ಇಲ್ಲಿ, ಈ ಬೋಲ್ಟಿಗೆ" ಎಂದಳು ಇಂದು.

ತಾಗಿಸಿದ್ದೇ ತಡ, ನಾಲ್ಕೂ ಬಾಗಿಲು ಒಟ್ಟಿಗೆ ಟಕ್ ಎಂದವು, ದೀಪಗಳು ಕಣ್ಣು ಬಿಟ್ಟವು, ನಿನ್ನೆ ಸಂಜೆ ಅರ್ಧಕ್ಕೆ ನಿಂತಿದ್ದ ಹಾಡು ಅಲ್ಲಿಂದಲೇ ಮುಂದುವರಿಯಿತು. ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ನಾನು ಹಾರಿ ಕೂತು ಬ್ರೇಕು ಒತ್ತಿ, ಹತ್ತೊಂಬತ್ತು ದಿನ ಯಾರಿಗೂ ಮುಟ್ಟಗೊಡದ ಆ ಗುಂಡಿಯನ್ನು ಒತ್ತಿದೆ. ಪರದೆಯ ಮೇಲೆ ರೆಡಿ ಎಂದು ಬಂತು. ಪಕ್ಕದಲ್ಲಿ ತೊಂಬತ್ತಾರು. ಆ ಸಂಖ್ಯೆಯ ಮೇಲೆ ನನಗೆ ಕೋಪವೇ ಬಂತು.

ಹನ್ನೊಂದಕ್ಕೆ ಹೊರಟೆವು. ಮುಂದೆ ನಾನು, ಪಕ್ಕದಲ್ಲಿ ಇಂದು, ಹಿಂದೆ ನಮ್ಮ ಮನೆಯವರು, ಅವರ ಪಕ್ಕದಲ್ಲಿ ಮಗುವನ್ನು ಕೂರಿಸಿಕೊಂಡಂತೆ ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡ ಖಲಂದರ್. ಮತ್ತೆಲ್ಲಿ ಆರಿಹೋಗುತ್ತದೋ ಎಂದು ನಾನು ಎಸಿ ಹಾಕಲಿಲ್ಲ, ಹಾಡು ಹಾಕಲಿಲ್ಲ, ಘಟ್ಟದ ತಿರುವುಗಳಲ್ಲಿ ಹಾರನ್ನೂ ಮಾಡದೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಓಯ್ ಓಯ್ ಎಂದು ಕೂಗುತ್ತಿದ್ದೆ. ಮೂರು ತಿರುವು ಇಂದು ಸಹಿಸಿಕೊಂಡಳು.

"ಅಕ್ಕ, ಹಾರನ್ ಮಾಡು. ಎಸಿನೂ ಹಾಕು, ಖಲಂದರಣ್ಣ ಬೆವರ್ತಾ ಇದ್ದಾರೆ. ಈಗ ದೊಡ್ಡದು ಕೊಡ್ತಾ ಇದೆ, ಚಿಕ್ಕದು ತಗೊಳ್ತಾ ಇದೆ. ನೀನು ಕೈ ಬಿಗಿ ಹಿಡಿಯೋ ಅಗತ್ಯ ಇಲ್ಲ."

ನಾನು ಎಸಿ ಹಾಕಿದೆ, ಹಾಡೂ ಹಾಕಿದೆ. ಉದ್ದಕ್ಕೂ ಹಾರನ್ ಮಾಡಿಕೊಂಡು ಘಟ್ಟ ಇಳಿದೆ.

ಆಫೀಸಿನ ಮುಂದೆ ನಿಂತಾಗ ಹನ್ನೆರಡು ಇಪ್ಪತ್ತೈದು. ಸಾಲೊಮನ್ ಬಿಳಿ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ನಮ್ಮನ್ನು ನೋಡಿ ಎದ್ದು ನಿಂತ, ಮತ್ತೆ ಕೂತ. ಐವತ್ತು ದಾಟಿದ ಗಂಡಸು ಹಾಗೆ ಕಣ್ಣೊರೆಸಿಕೊಂಡದ್ದನ್ನು ನೋಡಿ ನನಗೆ ಅವನ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ಹತ್ತೊಂಬತ್ತು ವರ್ಷ ತಡವಾಗಿ. ಕಾರನ್ನು ಆಫ್ ಮಾಡಲು ಹೆದರಿಕೆಯಾಯಿತು, ಮತ್ತೆ ಏಳದಿದ್ದರೆ ಏಳದಿರಲಿ, ತಂಗಿಯ ಮದುವೆ ನೋಡಬೇಕು ಎಂದು ಆಫ್ ಮಾಡಿ ಇಳಿದೆ.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ಮೂರು ಜನ ಸಾಕ್ಷಿ ಬೇಕು. ಎಲ್ಲಿ?"

ನಾನು, ನಮ್ಮ ಮನೆಯವರು. ಮೂರನೆಯವನಾಗಿ ಬರಬೇಕಿದ್ದ ಸಾಲೊಮನ್‌ನ ಗೆಳೆಯ, ನಮ್ಮೂರಿನ ಗಿರಣಿಯವನು, ನಸುಕಿನಲ್ಲೇ ಲಾರಿ ಹತ್ತಿ ಮಂಡಿಗೆ ಹೋಗಿದ್ದ. ಸಾಲೊಮನ್ ಬಾಗಿಲ ಕಡೆ ನೋಡಿದ. ಆಗ ಹಿಂದಿನಿಂದ ಧಡ್ ಎಂದು ಸದ್ದಾಯಿತು, ಖಲಂದರ್ ಬ್ಯಾಟರಿಯನ್ನು ಅಧಿಕಾರಿಯ ಮೇಜಿನ ಪಕ್ಕ ನೆಲಕ್ಕೆ ಇಟ್ಟಿದ್ದ.

"ನಾನಿದೀನಿ ಸಾರ್. ಮೈಕ್ ಪರ್ಮಿಷನ್‌ಗೆ ಅಂತ ಕಾರ್ಡು ಯಾವಾಗ್ಲೂ ಜೇಬಲ್ಲೇ ಇರುತ್ತೆ."

"ಇದೇನ್ರೀ ಇದು?" ಎಂದರು ಅಧಿಕಾರಿ ಬ್ಯಾಟರಿ ನೋಡಿ.

"ಇದಿಲ್ದಿದ್ರೆ ಮದ್ವೇನೇ ಇರ್ಲಿಲ್ಲ ಸಾರ್, ಇರ್ಲಿ ಬಿಡಿ."

ಅಧಿಕಾರಿ ನಕ್ಕು ದೊಡ್ಡ ಪುಸ್ತಕ ತೆರೆದರು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡೆವು ಎಂದು ಹೇಳಿದರು. ಸಾಲೊಮನ್ ತಡವರಿಸಿದ, ಇಂದು ತಡವರಿಸಲಿಲ್ಲ. ಹಾರ ಬದಲಾಯಿಸಿಕೊಂಡದ್ದಾಯಿತು. ಸಹಿಗಳಾದವು. ಹನ್ನೆರಡು ಐವತ್ತಕ್ಕೆ ನನ್ನ ತಂಗಿಯ ಮದುವೆ ಆಗಿಹೋಯಿತು. ನಮ್ಮ ಮನೆಯವರು ಎಲ್ಲರಿಗೂ ಪೇಡ ಹಂಚಲು ಶುರುಮಾಡಿದರು.

"ಇನ್ನು ಮುಂದಿನ ವಿಳಾಸ?" ಎಂದು ಅಧಿಕಾರಿ ಪೆನ್ನು ಎತ್ತಿದರು.

ನಾನು ನಮ್ಮ ಮನೆಯ ನಂಬರು ಹೇಳಲು ಬಾಯಿ ತೆರೆದೆ. ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದ್ದೆ, ಹೊಸ ಹಾಸಿಗೆ ಹಾಕಿಸಿದ್ದೆ, ಸಾಲೊಮನ್ನೂ ಅಲ್ಲಿಗೇ ಬಂದು ಇರುತ್ತಾನೆ ಎಂದುಕೊಂಡಿದ್ದೆ. ಇಂದು ಅಲ್ಲಿ ಇರುವುದಿಲ್ಲ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ನಾನು ಹೇಳುವುದರೊಳಗೆ ಇಂದು ಹೇಳಿದಳು, ಈ ಊರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಹೆಸರು, ಎರಡು ಕೋಣೆಯ ಬಾಡಿಗೆ ಮನೆಯ ನಂಬರು. ಕಂಠಪಾಠ ಮಾಡಿದವಳಂತೆ ಹೇಳಿದಳು.

ಹೊರಗೆ ಬಂದು ಕಾರಿನ ಹತ್ತಿರ ನಿಂತೆವು. "ಮನೆಗೆ ಬರಲ್ವೇನೇ?" ಎಂದೆ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

"ಬರ್ತೀನಲ್ಲಕ್ಕ, ಮುಂದಿನ ಭಾನುವಾರ" ಎಂದಳು ಇಂದು. ನನ್ನ ಕೈ ಹಿಡಿದುಕೊಂಡಳು. "ನೆಂಟಳಾಗಿ ಬರ್ತೀನಿ. ನೆಂಟಳಾಗಿ ನಾನು ಯಾರ ಮನೆಗೂ ಹೋಗೇ ಇಲ್ಲ ಗೊತ್ತಾ? ಹೇಗಿರುತ್ತೆ ನೋಡ್ಬೇಕು."

ನಾನು ಅತ್ತೆ, ಅಳುತ್ತಲೇ ನಗುವೂ ಬಂತು. ಅವಳ ಕೆನ್ನೆ ಸವರಿ ಕಾರು ಹತ್ತಿದೆ. ಗುಂಡಿ ಒತ್ತಿದೆ, ಕಾರು ಒಂದೇ ಮಾತಿಗೆ ಎದ್ದಿತು. ಖಲಂದರ್ ಬ್ಯಾಟರಿಯ ಸಮೇತ ಹಿಂದೆ ಕೂತ, ನಮ್ಮ ಮನೆಯವರು ಇಂದು ಕೂತಿದ್ದ ಜಾಗಕ್ಕೆ ಬಂದರು. ಹೊರಟು ಹತ್ತು ಮಾರು ಹೋಗಿರಬೇಕು, ಭಾನುವಾರ ಅವಳು ಬಂದಾಗ ಏನು ಮಾಡುವುದು ಎಂದು ಯೋಚಿಸಿದೆ. ಮೊದಲು ಕೂರಿಸಿ ಒಂದು ಕಾಫಿ ಕೊಡಬೇಕು. ನನ್ನ ಕಾಫಿ ಹೇಗಿರಬೇಕು, ನ್ಯೂಸ್ ಪೇಪರಿನವನಿಗೆ ಹೇಗೆ, ಯಾರು ಬಂದರೆ ಎಷ್ಟು ಸ್ಟ್ರಾಂಗು ಎಂದು ಅವಳಿಗೆ ಗೊತ್ತು. ಅವಳದು ನನಗೆ ಗೊತ್ತಿರಲಿಲ್ಲ. ಬ್ರೇಕು ಹಾಕಿ ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

"ಏ ಇಂದೂ! ನಿನ್ನ ಕಾಫಿಗೆ ಸಕ್ಕರೆ ಎಷ್ಟು ಹಾಕ್ಬೇಕೇ?"

ಮೆಟ್ಟಿಲ ಮೇಲೆ ಗಂಡನ ಪಕ್ಕ ನಿಂತಿದ್ದ ನನ್ನ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗೆ ಅವಳು ನಕ್ಕಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

"ನಾನು ಕಾಫಿ ಕುಡಿಯೋದು ಬಿಟ್ಟು ಹದಿನೈದು ವರ್ಷ ಆಯ್ತಕ್ಕ" ಎಂದು ಕೂಗಿದಳು. "ಟೀ ಮಾಡು!"